ಮೇಲ್ತುಟಿಯ ಕೆಳಗಿನ ಬಿಳಿ ಗೆರೆ

ನನ್ನ ಇಲಿಮರಿಗೆ,

ನೀನೀಗ ನನ್ನ ಎಡಗೈಯ ಮೇಲೆ ತಲೆಯಿಟ್ಟು ಮಲಗಿದ್ದೀಯ. ಬಾಯಿ ಅರ್ಧ ತೆರೆದಿದೆ. ಮಧ್ಯಾಹ್ನದ ಬಿಸಿಲು ನೇರ ನಿನ್ನ ಕೆನ್ನೆಯ ಮೇಲೆ ಬೀಳುತ್ತಿದೆ; ಪರದೆ ಎಳೆಯಲು ನಾನು ಏಳಬೇಕು, ಎದ್ದರೆ ನೀನೂ ಎದ್ದುಬಿಡುತ್ತೀಯ. ಅದಕ್ಕೇ ಅಲುಗಾಡದೆ ಬಲಗೈಯಿಂದ ಬರೆಯುತ್ತಿದ್ದೇನೆ. ನಿನಗೆ ಓದು ಬರುವ ಹೊತ್ತಿಗೆ, ನಾನು ಹಗಲಿರುಳು ಕಾವಲು ಕೂತ ಈ ಅಕ್ಕಿಕಾಳಿನಂಥ ಹಲ್ಲುಗಳು ಒಂದೊಂದಾಗಿ ಬೀಳಲು ಶುರುವಾಗಿರುತ್ತವೆ. ಆಗ ಈ ಪತ್ರ ಓದಿ ನಗು ಬಂದರೆ ನಗು. ಬಾಯಿ ಪೂರ್ತಿ ತೆರೆದೇ ನಗು. ನಾನು ನೋಡಬೇಕು.

ನಿನಗೆ ಇಲಿಮರಿ ಅಂತ ಹೆಸರಿಟ್ಟವರು ನನ್ನತ್ತೆ, ನಿನ್ನಜ್ಜಿ. ಕುರ್ಚಿಯ ಕೈ, ಅಪ್ಪನ ಬೆಲ್ಟು, ನನ್ನ ಚಪ್ಪಲಿಯ ಬಾರು, ಯಾವುದನ್ನೂ ನೀನು ಬಿಟ್ಟವಳಲ್ಲ. "ಇದು ಮಗು ಅಲ್ಲ ಕಣೇ, ಇಲಿಮರಿ. ಮನೆ ಉಳಿದ್ರೆ ನಮ್ಮ ಪುಣ್ಯ" ಅನ್ನುತ್ತಿದ್ದರು. ನಿನ್ನ ಮೊದಲ ಹಲ್ಲನ್ನು ನಾವು ನೋಡಲಿಲ್ಲ, ಕೇಳಿಸಿಕೊಂಡೆವು. ಚಮಚ ಬಾಯಿಗಿಟ್ಟಾಗ ಟಿಕ್ ಅಂತು. ಅಜ್ಜಿ ಚಪ್ಪಾಳೆ ತಟ್ಟಿದರು. ನನ್ನ ಎದೆಯಲ್ಲೂ ಏನೋ ಟಿಕ್ ಅಂತು, ಆದರೆ ಅದು ಸಂತೋಷವಲ್ಲ. ಅಲ್ಲಿಯವರೆಗೆ ನಿನ್ನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರಾಡುತ್ತಿದ್ದೀಯಾ ಅಂತ ನೋಡುವುದೊಂದೇ ನನ್ನ ಭಯವಾಗಿತ್ತು. ಇನ್ನು ಕಾಯಬೇಕಾದದ್ದು ಇನ್ನೊಂದು ಬಂತಲ್ಲ ಅನ್ನಿಸಿತು.

ನನ್ನ ಕೆಲಸ ಎಂಥದ್ದು ಅಂತ ನಿನಗೆ ಹೇಳಬೇಕು. ಜವಳಿಯ ವಿಷಯದಲ್ಲಿ ಡಿಗ್ರಿ ಮಾಡಿ ನಾನು ಬಟ್ಟೆ ಗಿರಣಿಯ ತಪಾಸಣೆ ಮೇಜಿಗೆ ಸೇರಿದವಳು. ಗಾಜಿನ ಮೇಜು, ಅದರಡಿಯಲ್ಲಿ ದೀಪ, ಮೇಲೆ ಬಿಳಿ ಬಟ್ಟೆ ಸರಿಯುತ್ತಲೇ ಇರುತ್ತದೆ. ಎಣ್ಣೆಯ ಕಲೆ, ತುಕ್ಕಿನ ಚುಕ್ಕಿ, ದಾರಿ ತಪ್ಪಿ ಬಂದ ಕಪ್ಪು ನೂಲು ಕಂಡ ಕೂಡಲೇ ಕಾಲಡಿಯ ಪೆಡಲ್ ಒತ್ತಿ ನಿಲ್ಲಿಸಬೇಕು, ಗುರುತು ಹಾಕಬೇಕು. ಬಿಳಿಯಿದ್ದರೆ ಕಣ್ಣು ಮುಂದೆ ಹೋಗುತ್ತದೆ, ಕಪ್ಪಿದ್ದರೆ ನಿಲ್ಲುತ್ತದೆ. ಹೆರಿಗೆಗೆ ಅಂತ ಕೆಲಸ ಬಿಟ್ಟು ಬಂದೆ. ಆ ಕಣ್ಣು ಮಾತ್ರ ಗಿರಣಿಯಲ್ಲಿ ಉಳಿಯದೆ ನನ್ನ ಜೊತೆ ಮನೆಗೆ ಬಂತು.

ಹಾಗಾಗಿ ಆ ಬೆಳಿಗ್ಗೆ ನಿನ್ನ ಬಾಯಿ ಒರೆಸುವಾಗ ಮೇಲಿನ ಮುಂದಿನ ಹಲ್ಲುಗಳ ಅಂಚಿನಲ್ಲಿ ಕಪ್ಪು ಕಂಡಾಗ, ನಿಜ ಹೇಳುತ್ತೇನೆ, ನನ್ನ ಕಾಲು ಪೆಡಲ್ ಹುಡುಕಿತು. ಎಲ್ಲವೂ ಅಲ್ಲೇ ನಿಂತುಬಿಡಲಿ ಅನ್ನಿಸಿತು. ಒರೆಸಿದೆ, ಹೋಗಲಿಲ್ಲ. ಫೋನು ತೆಗೆದು ಹುಡುಕಿದೆ. ನೋಡಬಾರದಿತ್ತು. ಮೊಂಡಾದ ಕಪ್ಪು ಮೊಳೆಗಳಂಥ ಹಲ್ಲು, ಊದಿದ ಒಸಡು, ಮಂಪರಿನ ಔಷಧಿ ಕೊಟ್ಟು ಮಲಗಿಸಿದ ನಿನ್ನಷ್ಟೇ ಪುಟ್ಟ ಮಕ್ಕಳು. ಪ್ರತಿ ಚಿತ್ರದಲ್ಲೂ ನಿನ್ನದೇ ಮುಖ ಕಂಡಿತು.

"ಹಾಲುಹಲ್ಲು ಕಣೇ, ಹೇಗಿದ್ರೂ ಬಿದ್ದೋಗೋವು. ಬಿದ್ದೋಗೋದಕ್ಕೂ ಡಾಕ್ಟರಾ?" ಅಂದರು ಅಜ್ಜಿ. ನಿನ್ನಪ್ಪನಂತೂ ಎಲ್ಲದಕ್ಕೂ ತಮಾಷೆ: "ನಿದ್ದೆ ಇಲ್ದೆ ನಿನಗೆ ಎಲ್ಲಾ ಕಡೆ ಕಪ್ಪೇ ಕಾಣ್ತಿದೆ. ನಿನ್ನ ಕಣ್ಣ ಕೆಳಗೆ ನೋಡ್ಕೋ, ಅಲ್ಲೂ ಇದೆ!" ನಾನು ನಗಲಿಲ್ಲ. ಬಟ್ಟೆ ಒದ್ದೆ ಮಾಡಿ ಉಜ್ಜಿದೆ, ಮತ್ತೆ ಉಜ್ಜಿದೆ. ನೀನು ಕಚ್ಚಿದೆ, ಒದ್ದೆ, ಅತ್ತು ಅತ್ತು ಸುಸ್ತಾದೆ. ಕೊನೆಗೆ ಒಂದು ದಿನ ನಾನು ಸುಮ್ಮನೆ ಊಟದ ಬಟ್ಟಲು ಹಿಡಿದು ಹತ್ತಿರ ಬಂದರೂ ನೀನು ತುಟಿ ಬಿಗಿದು ಕೂತೆ. ಹಸಿದಿದ್ದೆ, ಆದರೂ ನನ್ನ ಮುಖ ಕಂಡು ಬಾಯಿ ಮುಚ್ಚಿದೆ. ಅಂದೇ ಸಂಜೆ ಹಲ್ಲಿನ ಡಾಕ್ಟರ ಹತ್ತಿರ ಹೊರಟೆ. "ನಡಿ, ನಾನೂ ಬರ್ತೀನಿ. ನನ್ನ ಕಟ್ಟಿಸಿದ ಹಲ್ಲಿನ ಎರಡು ಸೆಟ್ಟೂ ತೆಗೆದು ಕೈಗೆ ಕೊಡ್ತೀನಿ, ಹೇಗಿವೆ ಹೇಳ್ಲಿ" ಅಂತ ಅಜ್ಜಿಯೂ ಹೊರಟರು.

ದೊಡ್ಡ ಕುರ್ಚಿಯಲ್ಲಿ ನಿನ್ನೊಬ್ಬಳನ್ನೇ ಕೂರಿಸುತ್ತಾರೆ ಅಂತ ನಾನು ಹೆದರಿದ್ದೆ. ಆ ಡಾಕ್ಟರು ಕುರ್ಚಿಯನ್ನು ಮುಟ್ಟಲೇ ಇಲ್ಲ. ಒಂದು ಸ್ಟೂಲು ಎಳೆದುಕೊಂಡು ನನ್ನೆದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಇಬ್ಬರ ತೊಡೆಯೂ ಸೇರಿ ನಿನಗೆ ಹಾಸಿಗೆಯಾಯಿತು. ನಿನ್ನ ಕಾಲು ನನ್ನ ಸೊಂಟದ ಎರಡು ಪಕ್ಕಕ್ಕೆ, ನಿನ್ನ ಕೈ ನನ್ನ ಕೈಯೊಳಗೆ, ನಿನ್ನ ತಲೆ ಅವರ ಮಡಿಲಲ್ಲಿ. ನೀನು ಮಲಗಿದಲ್ಲಿಂದ ನನ್ನ ಮುಖವನ್ನೇ ನೋಡುತ್ತಾ ಕಿರುಚಿದೆ. ಬಿಡಿಸು ಅಂತ ಬೇಡುವ ಕಣ್ಣು, ಹಿಡಿದುಕೊಂಡಿರುವುದು ನನ್ನದೇ ಕೈ. "ಅಳ್ಲಿ ಬಿಡೀಮ್ಮ," ಅಂದರು ಅವರು ನಿಧಾನವಾಗಿ, "ಅಳೋ ಮಗುಗೆ ಬಾಯಿ ತೆಗಿ ಅಂತ ಬೇರೆ ಹೇಳಬೇಕಾಗಲ್ಲ."

ಕಪ್ಪು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ರಕ್ತ ಕಮ್ಮಿ ಅಂತ ಹನಿ ಹಾಕ್ತಿದೀರಾ?" ಹೌದು, ಕಬ್ಬಿಣಾಂಶದ ಹನಿ. "ಅದರ ಕಲೆ ಇದು. ಮುಂದಿನ ಹಲ್ಲಿಗೆ ತಾಗೋ ಹಾಗೆ ಹಾಕ್ಬೇಡಿ, ಕೆನ್ನೆ ಒಳಗೆ ಹಾಕಿ." ಪುಟ್ಟ ಬ್ರಷ್ಷಿನಿಂದ ತಿಕ್ಕಿದರು, ನನ್ನ ನಿದ್ದೆ ತಿಂದ ಆ ಕಪ್ಪು ಹೊರಟೇಹೋಯಿತು. ಅಜ್ಜಿ "ನಾ ಹೇಳ್ಲಿಲ್ವಾ" ಅನ್ನುವ ಮುಖ ಮಾಡಿದರು. ನನಗೆ ಹೋದ ಜೀವ ಬಂತು.

ಆಮೇಲೆ ಡಾಕ್ಟರು ಬೆರಳಿನಿಂದ ನಿನ್ನ ಮೇಲ್ತುಟಿ ಎತ್ತಿದರು. "ಸ್ವಲ್ಪ ಬಗ್ಗಿ ನೋಡಿ" ಅಂದರು. ಒಸಡಿನ ಅಂಚಿಗೆ, ಮೇಲಿನ ನಾಲ್ಕೂ ಹಲ್ಲಿನ ಬುಡದಲ್ಲಿ ಬಿಳಿ ಗೆರೆ. ಅದನ್ನು ನಾನು ಮೊದಲೇ ಕಂಡಿದ್ದೆ. ಕಂಡು, ಬುಡವಾದರೂ ಬೆಳ್ಳಗಿದೆಯಲ್ಲ ಅಂತ ಸಮಾಧಾನ ಪಟ್ಟುಕೊಂಡಿದ್ದೆ!

"ಹಲ್ಲು ಬೆಳ್ಳಗೇ ಇರ್ಬೇಕಲ್ವಾ ಡಾಕ್ಟ್ರೇ?"

"ಬೆಳ್ಳಗೆ ಹೊಳೀಬೇಕು. ಇದು ಸುಣ್ಣ ಬಳಿದ ಹಾಗೆ ಮಂಕಾಗಿದೆ ನೋಡಿ. ಹುಳುಕು ಶುರುವಾಗೋದು ಹೀಗೆ. ಕಪ್ಪಾಗೋದು ಆಮೇಲೆ."

ನೀನು ಹೇಗೆ ಮಲಗುತ್ತೀಯ ಅಂತ ಕೇಳಿದರು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡೇ ಅಂದೆ. ತಲೆಯಾಡಿಸಿದರು, ಬೈಯಲಿಲ್ಲ. ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗಿ ಹಾಲು ಹಲ್ಲಿನ ಮೇಲೇ ನಿಲ್ಲುತ್ತದಂತೆ. ಹಾಸಿಗೆಗೆ ಬಾಟಲಿ ಬೇಡ, ಮಲಗುವ ಮುಂಚೆ ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿ ಹಲ್ಲುಜ್ಜಿ, ಆಗಾಗ ತುಟಿ ಎತ್ತಿ ನೋಡಿ ಅಂದರು. ಹಲ್ಲಿಗೇನೋ ಅಂಟಿನಂಥ ಔಷಧಿ ಬಳಿದರು. ಗೆರೆ ಗಟ್ಟಿಯಾಗಿ ಹೊಳಪು ಬಂದರೆ ಹುಳುಕು ಅಲ್ಲಿಗೆ ನಿಂತ ಹಾಗೆ. ಕಂದು ತಿರುಗಿ ಪುಡಿಯಾದರೆ? "ಆಗ ನೋಡೋಣ." ಆ 'ಆಗ'ವನ್ನು ನಾನು ಅವತ್ತಿನಿಂದ ಹೊಟ್ಟೆಯಲ್ಲಿ ಹೊತ್ತುಕೊಂಡೇ ತಿರುಗುತ್ತಿದ್ದೇನೆ, ನಿನ್ನನ್ನು ಹೊತ್ತ ಹಾಗೆ.

ಅಜ್ಜಿ ಬಿಡಲಿಲ್ಲ. "ಬೀಳೋ ಹಲ್ಲಿಗೆ ಇಷ್ಟೆಲ್ಲಾ ಯಾಕಮ್ಮಾ?" ಡಾಕ್ಟರು ನಕ್ಕರು: "ಬೀಳೋಕೆ ಇನ್ನೂ ಐದಾರು ವರ್ಷ ಇದೆ ಅಜ್ಜೀ. ಅಲ್ಲಿವರೆಗೆ ನೋವು ಯಾರು ತಿನ್ನೋದು?" ಅಜ್ಜಿ ಬಸ್ಸಿನಿಂದ ಇಳಿಯುವ ಹೊತ್ತಿಗೆ, ನನ್ನ ಕಡೆ ನೋಡದೆ ಅಂದರು: "ಹಲ್ಲುನೋವಿಗೆ ಗೋಡೆಗೆ ತಲೆ ಚಚ್ಕೊಂಡಿದೀನಿ ಕಣೇ ನಾನು. ಎಲ್ಲಿ ನೋವು ಅಂತ ಹೇಳೋಕೆ ನನಗೆ ಬಾಯಾದ್ರೂ ಇತ್ತು. ಇದಕ್ಕೆ ಮಾತೇ ಬರಲ್ವಲ್ಲೇ." ಮನೆಗೆ ಬಂದವರೇ ಬಾಟಲಿಯನ್ನು ಕಪಾಟಿನ ತುದಿಗೆ ಎಸೆದರು. ಮಾತು ಬಾರದ ನೋವು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ನೀನು ಯಾತಕ್ಕೇ ಅತ್ತರೂ, ಇದು ಅದೇನಾ ಅಂತ ನಾನು ಮೊದಲು ನಿನ್ನ ತುಟಿ ಎತ್ತಿ ನೋಡುತ್ತೇನೆ.

ಇವತ್ತು ಬೆಳಿಗ್ಗೆಯ ವಿಷಯ ಹೇಳಲೆಂದೇ ಇದನ್ನೆಲ್ಲ ಬರೆದೆ. ತುಟಿ ಎತ್ತಲು ನಾನು ಕೈ ಚಾಚುವ ಮೊದಲೇ ನೀನು ನನ್ನ ಮಡಿಲು ಹತ್ತಿ, ನಿನ್ನ ಜೊಲ್ಲಿನ ಬೆರಳಿಂದ ನನ್ನ ಮೇಲ್ತುಟಿ ಎತ್ತಿದೆ. ನನ್ನ ಹಲ್ಲು ನೋಡಿದೆ. ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು, ಏನೋ ಕೆಟ್ಟದ್ದು ಕಂಡೇ ಕಾಣುತ್ತದೆ ಅನ್ನುವ ಹಾಗೆ ನೋಡಿದೆ. ಆ ಮುಖ ನಿನ್ನದಲ್ಲ, ನನ್ನದು. ಹಲ್ಲಿಗೆ ಏನಾಗುತ್ತದೋ ಅಂತ ನಾನು ಕಾಯುತ್ತಿದ್ದರೆ, ನನ್ನ ಹೆದರಿಕೆ ಆಗಲೇ ನಿನ್ನ ಹಣೆಗೆ ಹತ್ತಿಬಿಟ್ಟಿತ್ತು.

ನಾನು ಬಾಯಿ ಅಗಲಿಸಿ 'ಆ' ಅಂದೆ. ನಿನ್ನ ಬೆರಳನ್ನು ಸುಮ್ಮನೆ ಕಚ್ಚಿದ ಹಾಗೆ ಮಾಡಿದೆ. ನೀನು ಬೆಚ್ಚಿ, ಆಮೇಲೆ ಕಿಲಕಿಲ ನಕ್ಕೆ. ನಗುವಾಗ ನಿನ್ನ ತುಟಿ ತಾನಾಗಿ ಮೇಲೆ ಹೋಯಿತು. ಹಿಡಿದುಕೊಳ್ಳುವವರಿಲ್ಲ, ಅಳುವಿಲ್ಲ. ಕಂಡಿತು. ಗೆರೆ ಹಾಗೇ ಇತ್ತು. ಹೊಳಪು ಬಂದಿದೆಯೋ ಇಲ್ಲವೋ ನನ್ನ ಕಣ್ಣಿಗೆ ತಿಳಿಯಲಿಲ್ಲ. ಆದರೂ ಹಣೆಯನ್ನು ಸಡಿಲ ಬಿಟ್ಟು, ಇನ್ನೊಮ್ಮೆ 'ಆ' ಅಂದೆ.

ಈಗ ಬಾಟಲಿಯಿಲ್ಲದೆ ಮಲಗಿದ್ದೀಯ, ನನ್ನ ಹೆಬ್ಬೆರಳು ಹಿಡಿದು. ನಿನ್ನ ಹಲ್ಲು ಕಲ್ಲಿನಷ್ಟು ಗಟ್ಟಿಯಾಗಲಿ ಕಂದಾ. ನನ್ನ ಹುಬ್ಬಿನ ಗಂಟು ನಿನ್ನ ಹಣೆಯಲ್ಲಿ ನಿಲ್ಲದಿರಲಿ. ಸಿಕ್ಕಿದ್ದನ್ನೆಲ್ಲ ಕಚ್ಚು, ಮನೆ ಉಳಿಯದಿದ್ದರೂ ಪರವಾಗಿಲ್ಲ.

ಬೆರಳ ತುಂಬ ನಿನ್ನ ಹಲ್ಲಿನ ಗುರುತಿರುವ,
ನಿನ್ನ ಅಮ್ಮ