ಬೈದರೆ ಉಣ್ಣುವವನು

ಸೋಮವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ನಿನ್ನ ಮಗಳಿಗೆ ಅಜ್ಜಿಯ ಮುತ್ತು. ಹಾಸಿಗೆ ಹಿಡಿದ ಮಗನಿಗೆ ನಿಮ್ಮ ತಾಯಿ ಬಾಯಿಗೆ ಬಂದಂತೆ ಬೈತಾರೆ ಅಂತ ಹೋಮ್ ನರ್ಸ್ ಏಜೆನ್ಸಿಯ ಮೇಡಂ ನಿನಗೆ ದೂರು ಹೇಳಿದಳಂತೆ. ನೀನು ಫೋನಿನಲ್ಲಿ, ನಾಚಿಕೆಯಾಗಲ್ವಾ ಅಮ್ಮ ಅಂದವಳೇ ಇಟ್ಟುಬಿಟ್ಟೆ. ಬೈಯುವುದು ನಿಜ. ನಾಚಿಕೆಯಾಗುವುದಿಲ್ಲ, ಅದೂ ನಿಜ.

ಬಣ್ಣ ಬಳಿಯಲು ಹೋಗಿ ಸಾರವೆಯಿಂದ ಬಿದ್ದ ನಿನ್ನ ತಮ್ಮನನ್ನು ಆಸ್ಪತ್ರೆಯಿಂದ ಮನೆಗೆ ತಂದಾಗ ಅವನಿಗೆ ಮಾತಿರಲಿಲ್ಲ, ಏಳುವ ಶಕ್ತಿಯಿರಲಿಲ್ಲ. ಅಪ್ಪಾ, ಚಿನ್ನಾ, ಒಂದೇ ತುತ್ತು ಅಂತ ಗೋಗರೆದೆ. ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಒಂದು ದಿನ ಸಿಟ್ಟು ನೆತ್ತಿಗೇರಿ, ತೆಗಿಯೋ ಬಾಯಿ ಕತ್ತೆ, ನಿನ್ನ ಕಾಯ್ತಾ ನಿಲ್ಲೋಕೆ ನಾನೇನು ಬಸ್ ಸ್ಟ್ಯಾಂಡಿನ ಕಂಬವಾ ಅಂದೆ. ತೆಗೆದ! ಅಂದಿನಿಂದ ಮುದ್ದು ಮಾಡಿದರೆ ಉಪವಾಸ, ಬೈದರೆ ಊಟ. ನೀನು ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಅವನನ್ನು ಹಾಗೆ ನೋಡಲಾಗುವುದಿಲ್ಲ ಅಂತೀಯ. ನನ್ನದೇನು ಕಲ್ಲಿನ ಕಣ್ಣಾ?

ಗಂಟಲಿನದೊಂದು ಸಣ್ಣ ಚಿಕಿತ್ಸೆಗೆ ನಾನು ಈ ವಾರ ಆಸ್ಪತ್ರೆ ಸೇರಬೇಕು. ಅಷ್ಟರೊಳಗೆ ಮನೆಯಲ್ಲೇ ಇದ್ದು ಅವನನ್ನು ನೋಡಿಕೊಳ್ಳುವವರನ್ನು ಗೊತ್ತುಮಾಡಬೇಕು. ಏಜೆನ್ಸಿಯಿಂದ ಬಂದು ಈಗ ಪರೀಕ್ಷೆಗೆ ಇದ್ದಾನಲ್ಲ, ಅವನಿಗೆ ನಾನು ಬೆಣ್ಣೆರಾಯ ಅಂತ ಹೆಸರಿಟ್ಟಿದ್ದೇನೆ. ಒಳ್ಳೆಯವನು. ನಿನ್ನ ತಮ್ಮನನ್ನು ಹೂವಿನ ಹಾಗೆ ಎತ್ತಿ ಮಗ್ಗುಲು ಬದಲಿಸುತ್ತಾನೆ. ಅವನ ಕೈಗುಣಕ್ಕೆ, ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಮಾಯುತ್ತಾ ಬಂತು. ಆದರೆ ತಟ್ಟೆ ಹಿಡಿದು, ಸರ್, ದಯವಿಟ್ಟು ಬಾಯಿ ತೆರೆಯಿರಿ ಅಂತಾನೆ. ಸರ್ ತೆರೆಯುವುದಿಲ್ಲ. ಬೈಯಲು ನಾನೇ ಪಾಠ ಹೇಳಿಕೊಟ್ಟೆ. ಪಾಪ, ಕಿವಿಯೆಲ್ಲ ಕೆಂಪಾಗಿ, 'ಸರ್, ತಾವು ಕತ್ತೆ' ಅಂದ. ನಿನ್ನ ತಮ್ಮ ಕಣ್ಣೂ ಮಿಟುಕಿಸಲಿಲ್ಲ. ಮೇಡಂ ಬಾಗಿಲ ಹೊರಗೆ ಕೇಳಿಸಿಕೊಂಡದ್ದು ಈ ಪಾಠವನ್ನೇ. ರೋಗಿಯ ಮುಂದೆ ದನಿ ಎತ್ತಿದರೆ ಬೆಣ್ಣೆರಾಯನ ಕೆಲಸ ಹೋಗುತ್ತದಂತೆ. ಉಣ್ಣದಿದ್ದರೆ ಮೂಗಿಗೆ ನಳಿಗೆ ಹಾಕಿಸಿ ಅಂತಾಳೆ ಮಹಾತಾಯಿ.

ಇನ್ನೊಬ್ಬಳು ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಲಕ್ವ ಹೊಡೆದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡವಳು. ಅವಳ ಬಾಯಿಯ ಮುಂದೆ ನನ್ನದು ಎಳೆಗೂಸು. ನಿನ್ನೆ ಕರೆಸಿದೆ. ಮಂಚದ ಪಕ್ಕ ಕೂತವಳೇ, ಏನಯ್ಯಾ ಸೋಮಾರಿ, ಹೆತ್ತವಳ ಪ್ರಾಣ ತಿಂದದ್ದು ಸಾಲದಾ, ಇದನ್ನೂ ತಿನ್ನು ಅಂದಳು. ತಟ್ಟೆ ಖಾಲಿಯಾಯಿತು. ನನ್ನ ದನಿಗೆ ಮಾತ್ರ ತೆರೆಯುತ್ತಾನೆ ಅಂದುಕೊಂಡಿದ್ದೆನಲ್ಲ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕಣ್ಣು ತೊಳೆದುಕೊಂಡೆ. ಖುಷಿಗೋ ಹೊಟ್ಟೆಕಿಚ್ಚಿಗೋ, ಕೇಳಬೇಡ.

ಆದರೆ ನಿಂತೇ ಇಸ್ತ್ರಿ ಮಾಡಿ ಅವಳ ಸೊಂಟ ಹೋಗಿದೆ. ಒಬ್ಬಳೇ ಅವನನ್ನು ಹೊರಳಿಸಲು ಹೋಗಿ ಇಬ್ಬರೂ ಮಂಚದಿಂದ ಬೀಳುತ್ತಿದ್ದರು. ಮಗ್ಗುಲು ಬದಲಿಸದಿದ್ದರೆ ಹುಣ್ಣು ಮೂಳೆ ಮುಟ್ಟುತ್ತದೆ. ಇಬ್ಬರನ್ನೂ ಇಟ್ಟುಕೊಳ್ಳೋಣ ಅಂದರೆ, ಹೊರಗಿನವರು ಕೈಹಾಕಿದರೆ ನಮ್ಮ ಆಳು ಇರಲ್ಲ ಅಂತ ಏಜೆನ್ಸಿಯ ಹಟ. ಅವನಿಗೆ ಬಿಟ್ಟರೆ ಹಸಿವು, ಇವಳಿಗೆ ಬಿಟ್ಟರೆ ಹುಣ್ಣು. ಮಗ ಯಾವುದರಲ್ಲಿ ಕೊಳೆಯಲಿ ಅಂತ ಹೆತ್ತವಳು ಆರಿಸಬೇಕಂತೆ. ನಿನ್ನೆಯಿಂದ ನನಗೇ ತುತ್ತು ಇಳಿದಿಲ್ಲ ಕಣೇ.

ಇಸ್ತ್ರಿಯವಳೇ ಇರಲಿ. ಊಟಕ್ಕೆ ಅವಳು, ಬೆನ್ನಿಗೆ ನೀನು. ನಿನ್ನ ಮನೆಯಿಂದ ಇಲ್ಲಿಗೆ ನಾಲ್ಕು ಬೀದಿ. ಕೆಲಸಕ್ಕೆ ಹೋಗುವ ಮುಂಚೆ ಬಾ, ಬಂದ ಮೇಲೆ ಬಾ, ಮಲಗುವ ಮುಂಚೆ ಬಾ. ನಡುವೆ ಲಾಂಡ್ರಿಯವನು ಹತ್ತಿ ಬರುತ್ತೇನೆ ಅಂದಿದ್ದಾನೆ. ನಿನ್ನ ತಮ್ಮನ ಕೆಳಗೆ ಹಾಸಿದ ಬಟ್ಟೆಯ ಆ ತುದಿ ಅವಳು ಹಿಡಿಯಲಿ, ಈ ತುದಿ ನೀನು ಹಿಡಿದು ಎಳೆ, ಅವನು ಮಗ್ಗುಲಾಗುತ್ತಾನೆ. ಮುಖ ನೋಡಲಾಗದಿದ್ದರೆ ಬೆನ್ನನ್ನಷ್ಟೇ ನೋಡು. ನಿನ್ನ ಕಾಲಿಗೆ ಬೀಳುತ್ತೇನೆ ಅಂತ ಬರೆಯಲು ಹೋದೆ. ತಾಯಿ ಮಗಳ ಕಾಲಿಗೆ ಬೀಳಬಾರದು. ಅದೊಂದನ್ನು ನನ್ನಿಂದ ಮಾಡಿಸಬೇಡ.

ಇಂತಿ,
ನಿನ್ನ ಬಾಯಿಬಡುಕಿ ಅಮ್ಮ

ಇನ್ನೊಂದು ಮಾತು. ಸಣ್ಣ ಚಿಕಿತ್ಸೆ ಅಂದದ್ದು ಸುಳ್ಳು. ಗಡ್ಡೆಯ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆಯುತ್ತಾರಂತೆ. ಆಮೇಲೆ ಫೋನ್ ಮಾಡಿ ಪ್ರಯೋಜನವಿಲ್ಲ, ನಾನು ಎತ್ತಿದರೂ ನಿನಗೆ ಏನೂ ಕೇಳಿಸದು. ಗುರುವಾರದವರೆಗೆ ದನಿ ಇದೆ. ಬೈಸಿಕೊಳ್ಳಬೇಕು ಅನ್ನಿಸಿದರೆ ಅಷ್ಟರೊಳಗೆ ಬಾ.