ಇನ್ನೂರ ಹನ್ನೆರಡನೆಯ ಪುಟದಲ್ಲಿ ನಿಂತವರು

ಹುಬ್ಬಳ್ಳಿ, ನೆರಳು ಮಾಸದ ಮೂವತ್ತೆಂಟನೆಯ ದಿನ,
ಕೆರೆ ತಿರುಗಿ ತುಂಬಿದ ತೊಂಬತ್ತೊಂದನೆಯ ವರ್ಷ

ಹಸಿರು ರಟ್ಟಿನ ನೋಟುಬುಕ್ಕಿನಲ್ಲಿ ಕಾದಂಬರಿ ಬರೆಯುತ್ತಿರುವ ತಾಯಿಯವರಿಗೆ, ಬೀಬಿಜಾನ್ ಕಿಲ್ಲೇದಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಹೌಹಾರಬೇಡಿ. ನಿಮಗಿಂತ ಬಹಳ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ಒಣಗಿದ ಕೆರೆ ತಿರುಗಿ ತುಂಬಿದ ವರ್ಷದಿಂದ ನಮ್ಮ ಲೆಕ್ಕ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ಬಿಸಿಲು ತಡೆಯಲಾಗದ ನಲವತ್ತು ದಿನಗಳನ್ನು ಬೇಸಿಗೆಯಿಂದ ಬೇರೆ ಮಾಡಿ, ಅದಕ್ಕೆ ನೆರಳು ಮಾಸ ಎಂದು ಹೆಸರಿಟ್ಟಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ಕಾದಂಬರಿಗಳಿಂದ. ನಡುನಡುವೆ ಯಾವುದೋ ನಾಯಕಿಯ ಹಾಗೆ ಮಾತಾಡಿಬಿಟ್ಟರೆ ತಪ್ಪು ನನ್ನೊಬ್ಬಳದಲ್ಲ.

ನಮ್ಮ ಹುಬ್ಬಳ್ಳಿಯಲ್ಲಿ ಗಾಡಿಗಳಿಲ್ಲ. ಬೀದಿಗಳ ಮೇಲೆ ಈ ಗೋಡೆಯಿಂದ ಆ ಗೋಡೆಗೆ ದಪ್ಪ ಬಟ್ಟೆ ಕಟ್ಟಿರುತ್ತೇವೆ. ಬೀದಿಚಪ್ಪರ ಎನ್ನುವ ಅದರ ಕೆಳಗೆ ಊರೆಲ್ಲ ನಡೆದೇ ಓಡಾಡುತ್ತದೆ. ದುರ್ಗದ ಬೈಲಿನಲ್ಲಿ ಈಗಲೂ ಮಿರ್ಚಿ ಕರಿಯುತ್ತಾರೆ, ಬಿಸಿಲೊಲೆಯ ಮೇಲೆ ಎಂಬುದಷ್ಟೇ ವ್ಯತ್ಯಾಸ. ಉಳಿದ ಹಳೆಯ ಊರು ಎಲ್ಲಿತ್ತು, ಹೇಗಿತ್ತು ಎಂದು ಹೇಳಲು ಯಾರೂ ಇಲ್ಲ. ನಿಮ್ಮ ಕಾಲದ ನಕ್ಷೆಗಳೆಲ್ಲ ಯಂತ್ರಗಳೊಳಗಿದ್ದವಂತೆ, ಯಂತ್ರಗಳ ಜೊತೆಗೇ ಹೋದವು. ಉಳಿದದ್ದು ಕಾಗದದ ಕಾದಂಬರಿಗಳು. ಅವನ್ನು ಹಿಡಿದುಕೊಂಡೇ ನಾವು ಊರು ಹುಡುಕುತ್ತೇವೆ. ಇದಕ್ಕೆ ಓದುನಡೆ ಎನ್ನುತ್ತೇವೆ. ಪುಸ್ತಕ ಹಿಡಿದು, ಗಟ್ಟಿಯಾಗಿ ಓದುತ್ತ ಮುಂದೆ ನಡೆಯುವವಳು ಪುಟಗಾರ್ತಿ. ಇಪ್ಪತ್ತಾರು ವರ್ಷಗಳಿಂದ ನನ್ನ ಕೆಲಸ ಅದು.

ಓದುನಡೆಗೆ ನಿಯಮ ಒಂದೇ. ಪುಟದಲ್ಲಿ ಹೇಳಿದ ಜಾಗಕ್ಕೆ ಕಾಲಿಡದೆ ಮುಂದಿನ ಪುಟ ತಿರುವಬಾರದು. ಪುಟಗಾರ್ತಿಯೂ ಕದ್ದು ಓದಬಾರದು. ಕತೆಯವರು ಚಹಾ ಕುಡಿದಲ್ಲಿ ನಾವೂ ಕುಡಿಯುತ್ತೇವೆ, ಅವರು ಅತ್ತಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇವೆ. ಒಂದು ಕಾದಂಬರಿ ಮುಗಿಯಲು ಹೆಚ್ಚೆಂದರೆ ಎರಡು ತಿಂಗಳು. ನಿಮ್ಮದಕ್ಕೆ ಹನ್ನೊಂದು ವರ್ಷ ಹಿಡಿಯಿತು.

ನೀವು ಈಗ ಬರೆಯುತ್ತಿರುವ, ನಮ್ಮ ಪಾಲಿಗೆ ಎಂದೋ ಅಚ್ಚಾಗಿ ಹಳೆಯದಾದ ಕಾದಂಬರಿಯ ಮಾತೇ ಹೇಳುತ್ತಿದ್ದೇನೆ. ಇಡೀ ಊರಿಗೆ ಅದರದು ಒಂದೇ ಪ್ರತಿ ಉಳಿದಿದೆ. ಒಂಬತ್ತು ವರ್ಷ ಮಾತು ಬಿಟ್ಟ ಅಕ್ಕನನ್ನು ನೋಡಲು ವಾರಿಜಾ ಹೊರಡುತ್ತಾಳಲ್ಲ, ಅವಳ ಹಿಂದೆ ನಾವು ಎಷ್ಟು ಸುಖವಾಗಿ ನಡೆದೆವು! ಜವಳಿ ಸಾಲಿನಲ್ಲಿ ಅವಳು ಎಡವಿ ಚಪ್ಪಲಿ ಕಿತ್ತುಕೊಂಡ ಕಲ್ಲು ಸಹ ಸಿಕ್ಕಿತು. ಘಂಟಿಕೇರಿಯ ತನಕ ಒಂದು ತಿರುವೂ ತಪ್ಪಲಿಲ್ಲ. ಆಮೇಲೆ ಇನ್ನೂರ ಹನ್ನೆರಡನೆಯ ಪುಟದ ಕೊನೆಯ ಸಾಲಿನಲ್ಲಿ ಅವಳು ಬೇವಿನ ಮರದ ಸಂದಿಯೊಳಗೆ ತಿರುಗಿದಳು. ಆ ಸಂದಿ ಮಾತ್ರ ಸಿಗಲೇ ಇಲ್ಲ.

ನಮ್ಮ ಗುಂಪಿನಲ್ಲಿ ಹದಿನೆಂಟು ಜನರಿದ್ದರು. ವರ್ಷ ಕಳೆದಂತೆ ಬೇಸತ್ತು ಒಬ್ಬೊಬ್ಬರೇ ಬೇರೆ ಪುಸ್ತಕಗಳಿಗೆ ಹೋದರು. ಉಳಿದವರು ತುಂಗವ್ವ ಹೂಗಾರ ಒಬ್ಬರೇ. ಮಹಾ ಹಟದ ಹೆಂಗಸು. ಪ್ರತಿ ಶುಕ್ರವಾರ ಹೂವಿನ ಬುಟ್ಟಿ ಇಳಿಸಿ ನನ್ನ ಜೊತೆ ಸಂದಿ ಹುಡುಕಲು ಬರುವರು, ನನ್ನ ಕೈಲಾಗದತನಕ್ಕೆ ದಾರಿಯುದ್ದಕ್ಕೂ ಬೈಯುವರು. ಅವರಿಗೆ ಗೊತ್ತಾಗಬೇಕಾದದ್ದು ಒಂದೇ: ವಾರಿಜಾ ಅಕ್ಕನ ಬಾಗಿಲು ತಟ್ಟಿದಳೋ ಇಲ್ಲವೋ? ತುಂಗವ್ವನೂ ಪ್ರಾಯದಲ್ಲಿ ಅಕ್ಕನೊಡನೆ ಜಗಳಾಡಿ ಮಾತು ಬಿಟ್ಟವರು. ಒಮ್ಮೆ ಅವಳ ಬಾಗಿಲ ತನಕ ಹೋಗಿ, ತಟ್ಟದೆ ವಾಪಸು ಬಂದಿದ್ದರು. ಮರುವರ್ಷ ಅಕ್ಕ ತೀರಿಕೊಂಡಳು. ಇದನ್ನು ಅವರು ನನಗೆ ಹೇಳಿದ್ದು ಏಳನೆಯ ವರ್ಷದಲ್ಲಿ, ಅದೂ ಹೂ ಕಟ್ಟುತ್ತ, ನನ್ನ ಮುಖ ನೋಡದೆ.

ಈ ವರ್ಷ ಅವರ ಮೊಣಕಾಲು ಪೂರಾ ಸೋತವು. ಎದೆಯೂ ಸರಿಯಿಲ್ಲ, ಇನ್ನು ನಡೆಯಬಾರದು ಎಂದರು ವೈದ್ಯರು. ಆಗ ನಾನು ಯಾವ ಪುಟಗಾರ್ತಿಯೂ ಮಾಡಬಾರದ ಕೆಲಸ ಮಾಡಿದೆ. ಮೊನ್ನೆ ಬೆಳಿಗ್ಗೆ ಅವರ ಮನೆಗೆ ಹೋಗಿ, ಸಂದಿ ಸಿಕ್ಕಿತು ಎಂದು ಸುಳ್ಳು ಹೇಳಿದೆ. ಕೈಹಿಡಿದು ನಿಧಾನವಾಗಿ ಕರೆದುಕೊಂಡು ಹೋಗಿ, ಪಾತ್ರೆ ಮಾರುವ ಭಾಂಡೆಯಂಗಡಿಗಳ ಹಿಂದಿನ ಯಾವುದೋ ಸಂದಿಯಲ್ಲಿ ನಿಲ್ಲಿಸಿದೆ. ತುಂಗವ್ವ ಹಿಂದೆ ಮುಂದೆ ನೋಡಿದರು. "ಬೇವಿನ ಗಿಡ ಇದ್ದದ್ದರ ಗುರುತಾದ್ರೂ ಎಲ್ಲೈತಿ? ನನಗೇನು ಕಣ್ಣಿಲ್ಲೇನ? ಇರ್ಲಿ ಬಿಡವಾ. ಓದು," ಎಂದರು.

ನಾನು ಪುಟ ತಿರುವಿ ಓದಿದೆ. ವಾರಿಜಾ ಬಾಗಿಲ ಮುಂದೆ ನಿಂತಳು. ಒಳಗೆ ಅಕ್ಕ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿಸಿತು. ಕೈ ಎತ್ತಿದಳು, ಇಳಿಸಿದಳು, ಬಂದ ದಾರಿ ಹಿಡಿದು ಹೋದಳು. ತಾಯೀ, ಆ ಕ್ಷಣದಲ್ಲಿ ನೀವು ಸಿಕ್ಕಿದ್ದರೆ ಬೈದುಬಿಡುತ್ತಿದ್ದೆ. ಹನ್ನೊಂದು ವರ್ಷ ಕಾದವಳಿಗೆ ಕೊಡುವುದು ಇದನ್ನೇ?

ತುಂಗವ್ವ ಅಳಲಿಲ್ಲ. "ಹುಚ್ಚಿ," ಎಂದರು. ವಾರಿಜಾಳಿಗೋ ತಮಗೋ ಎಂದು ನಾನು ಕೇಳಲಿಲ್ಲ. ನನ್ನ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ, ಎದುರಿಗಿದ್ದ ಮನೆಯ ಬಾಗಿಲನ್ನು ದಬದಬ ತಟ್ಟಿದರು. ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಬಂದು ಕದ ತೆಗೆದಳು. ಅವಳು ಯಾರೋ, ನಾವು ಯಾರೋ. ನೆರಳು ಮಾಸದಲ್ಲಿ ಬಾಗಿಲಿಗೆ ಬಂದವರ ಹೆಸರು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

"ಭಾಳ ತಡಾ ಆತವಾ, ಸಿಟ್ಟ ಮಾಡಬ್ಯಾಡ," ಎಂದರು ತುಂಗವ್ವ.

"ಯಾಕ ಸಿಟ್ಟ ಮಾಡ್ಲಿ? ಹೊರಗ ನಿಂದ್ರಬ್ಯಾಡ, ಒಳಗ ಬಾ," ಎಂದಳು ಆಕೆ.

ತುಂಗವ್ವ ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತು, ಎರಡು ರೊಟ್ಟಿ ತಿಂದರು. ಅಷ್ಟು ಹಗುರಾಗಿ ಅವರು ಕುಳಿತದ್ದನ್ನು ನಾನು ಈ ಹನ್ನೊಂದು ವರ್ಷಗಳಲ್ಲಿ ನೋಡಿರಲಿಲ್ಲ.

ಆ ಸಂದಿಯ ಸರಿಯಾದ ಗುರುತು ಬರೆಯಿರಿ ಎಂದು ಕೇಳಲು ನಿಮಗೆ ಪತ್ರ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ಬೇಡ. ಕಾದಂಬರಿಯ ಒಂದಕ್ಷರವನ್ನೂ ಬದಲಿಸಬೇಡಿ. ಆದರೆ ಒಂದು ಮಾತು ಕೇಳಿಯೇಬಿಡುತ್ತೇನೆ. ಊರಿನ ಕಲ್ಲು ಕಲ್ಲನ್ನೂ ಅಷ್ಟು ನಿಖರವಾಗಿ ಬರೆದ ನೀವು ಆ ಒಂದು ಸಂದಿಯನ್ನು ಮಾತ್ರ ಯಾರಿಗೂ ಸಿಗದಂತೆ ಬಚ್ಚಿಟ್ಟಿದ್ದೀರಿ. ಅದು ನಿಮ್ಮ ಅಕ್ಕನ ಮನೆಯಲ್ಲವೇ? ನೀವು ಇದನ್ನು ಓದುವಾಗ ಅವರು ಇನ್ನೂ ಆ ಮನೆಯಲ್ಲೇ ಇದ್ದಾರೆ. ಪೆನ್ನು ಇಟ್ಟು ಏಳಿ, ತಾಯೀ. ದಾರಿ ನಿಮಗೊಬ್ಬರಿಗೇ ಗೊತ್ತು.