ಬೆಲ್ಲಿ ಕಾಣದ ನಾಲ್ಕು ದಿನ

ಬೋಗಾದಿ, ಮೈಸೂರು
೧೪ ಜುಲೈ ೨೦೨೫

ಮಗಳೇ ಮಂಜು,

ಬೆಲ್ಲಿ ಸಿಕ್ಕಿದಳು ಕಣವ್ವ! ನೀನು ಅನ್ನ ಹಾಕಿ ಬೆಳೆಸಿದ ಬೀದಿನಾಯಿ ಈಗ ಮೆಟ್ಟಿಲ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ. ನೀನು ಫೋನು ಮಾಡಿದಾಗಲೆಲ್ಲ ‘ಇಲ್ಲೇ ಎಲ್ಲೋ ಅಲೀತಿದಾಳೆ’ ಅಂದೆನಲ್ಲ, ಸುಳ್ಳು. ನಾಲ್ಕು ದಿನ ಕಾಣೆಯಾಗಿದ್ದಳು.

ನಮ್ಮ ಮಹಡಿ ಮನೆಗೆ ನಾಗಾಲ್ಯಾಂಡಿನ ಹುಡುಗಿ ಬಾಡಿಗೆಗೆ ಬಂದಿದ್ದಾಳೆ ಅಂದಿದ್ದೆ. ಹೆಸರು ಅಲೆಮ್ಲಾ, ನರ್ಸಿಂಗ್ ಓದುತ್ತಾಳೆ. ಬೆಲ್ಲಿ ಕಾಣೆಯಾದ ಮರುದಿನ ಅವಳ ಅಡುಗೆಮನೆಯಿಂದ ಎಂಥದೋ ಘಾಟು ಬಂತು. ‘ಅವರ ಕಡೆ ನಾಯಿ ತಿಂತಾರಂತೆ’ ಅಂತ ಬೀದಿಯಲ್ಲಿ ಮಾತೆದ್ದಿತು. ನಾನು ಮಹಡಿ ಹತ್ತಿ, ನಮ್ಮ ಬೆಲ್ಲೀನ ಏನು ಮಾಡಿದೆ ಅಂತ ಕೇಳಿಯೇಬಿಟ್ಟೆ. ಉತ್ತರಕ್ಕೂ ಕಾಯದೆ, ತಿಂಗಳ ಕೊನೆಗೆ ಮನೆ ಖಾಲಿ ಮಾಡು ಅಂದೆ.

ಅವಳು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಹಂದಿಮಾಂಸದ ಜೊತೆ ಹುಳಿ ಬರಿಸಿದ ಕಳಲೆ, ಅಷ್ಟೇ. ಆಮೇಲೆ ತನ್ನ ಹರುಕು ಕನ್ನಡದಲ್ಲಿ ಹೇಳಿದಳು: “ನಮ್ಮ ಕಡೆ ಕೆಲವರು ನಾಯಿ ತಿಂತಾರೆ ಆಂಟಿ. ಚಿಕ್ಕವಳಿದ್ದಾಗ ನಾನೂ ತಿಂದಿದೀನಿ. ಸಂತೆಯಲ್ಲಿ ಬಾಯಿ ಕಟ್ಟಿ, ಗೋಣಿಚೀಲದಲ್ಲಿ ತುಂಬಿದ್ದ ನಾಯಿಗಳ ಕಣ್ಣು ನೋಡಿದ ಮೇಲೆ ಬಿಟ್ಟೆ. ಬೆಲ್ಲಿ ದಿನಾ ನನ್ನ ಕೈಯಿಂದ ಬಿಸ್ಕತ್ತು ತಿನ್ನೋಳು.”

ಅವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಪ್ರತಿ ಭಾನುವಾರ ಪಂಜರದೊಳಗೆ ಕೈ ತೋರಿಸಿ ‘ಅದು ಕೊಡಪ್ಪ’ ಅಂತ ಕೋಳಿ ಆರಿಸುವವಳು ನಾನು. ಅವುಗಳ ಕಣ್ಣು ಯಾವತ್ತು ನೋಡಿದ್ದೆ ಹೇಳು.

ಆಮೇಲೆ ಅಲೆಮ್ಲಾ ಎರಡು ದಿನ ಕಾಲೇಜು ಮುಗಿಸಿಕೊಂಡು, ಫೋನಿನಲ್ಲಿ ಬೆಲ್ಲಿಯ ಫೋಟೋ ಹಿಡಿದು ಊರೆಲ್ಲ ಹುಡುಕಿದಳು. ಸಂತಾನಹರಣದ ಆಪರೇಷನ್ನಿಗೆ ಬೀದಿನಾಯಿ ಹಿಡಿಯುವ ಗಾಡಿಯವರು ಒಯ್ದಿದ್ದರಂತೆ. ಇವತ್ತು ಮಧ್ಯಾಹ್ನ ಆಟೋದಲ್ಲಿ ಕರೆತಂದಳು. ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದಾರೆ, ಬೇರೆ ತೊಂದರೆ ಏನೂ ಇಲ್ಲ. ಇಳಿದವಳೇ ಅಲೆಮ್ಲಾಳ ಕಾಲಿಗೇ ಒರಗಿ ನಿಂತಳು ನಿನ್ನ ಬೆಲ್ಲಿ!

ನಾನು ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಮನೆ ಬಿಡಬೇಡ ಕಣಮ್ಮ ಅಂದೆ. “ಯೋಚನೆ ಮಾಡ್ತೀನಿ ಆಂಟಿ” ಅಂದಳು. ಅಂದದ್ದು ಸರಿಯೇ. ಆದರೂ ಇವತ್ತು ಬೆಲ್ಲಿಗೆ ಅನ್ನ ಹಾಕಿ, ನಾನೂ ಹೊಟ್ಟೆ ತುಂಬ ಉಂಡೆ.

ನಿನ್ನ ಅವ್ವ,
ಬೀರಮ್ಮ

ಮರೆತಿದ್ದು: ಬೀದಿಯಲ್ಲಿ ಮಾತೆದ್ದಿತು ಅಂತ ಬರೆದೆನಲ್ಲ, ಅದನ್ನು ಮೊದಲು ಎದುರುಮನೆ ಚಾಮುಂಡಮ್ಮನ ಕಿವಿಗೆ ಹಾಕಿದವಳು ನಾನೇ. ಸಂಜೆ ಅವರ ಮನೆಗೆ ಹೋಗಿ, ನಾನಂದದ್ದು ತಪ್ಪು ಅಂತ ಹೇಳಿ ಬಂದೆ. ಮಾತೆಬ್ಬಿಸಿದವಳು ನಾನೇ ಅಂತ ಅಲೆಮ್ಲಾಗೂ ಹೇಳಿದೆ. “ಗೊತ್ತಿತ್ತು ಆಂಟಿ, ಮಹಡಿಗೆ ಎಲ್ಲಾ ಕೇಳ್ಸುತ್ತೆ” ಅಂದಳು. ಮನೆ ಬಿಡುವುದಿಲ್ಲವಂತೆ.